ಆರುನೂರು ಸಲ ಎತ್ತಿದ ಹೆಸರು

ಮಾರ್ಚ್ 3, ಸೋಮವಾರ
ಇವತ್ತೂ ಆಸ್ಪತ್ರೆ ಆಫೀಸಿನಲ್ಲಿ ಅದೇ ಕೆಲಸ. ದೊಡ್ಡ ಡಾಕ್ಟರ ಪ್ರಬಂಧಗಳನ್ನು ವರ್ಷವಾರು ಟೈಪು ಮಾಡುವುದು. ಆಸ್ಪತ್ರೆ ಅವರ ಹೆಸರನ್ನು ಯಾವುದೋ ಪ್ರಶಸ್ತಿಗೆ ಕಳಿಸುತ್ತಿದೆ. ಶುಕ್ರವಾರದೊಳಗೆ ಬಯೋಡೇಟಾ ಬೇಕಂತೆ. ಎಲ್ಲವೂ ಪ್ರಾಸ್ಟೇಟ್ ಕ್ಯಾನ್ಸರ್ ಕುರಿತದ್ದು. ಪ್ರಾಸದ ಹುಚ್ಚಿನ ನನಗೆಂದೇ ಹುಟ್ಟಿದ ವಿಷಯ — ಹೆಸರಿನಲ್ಲೇ ಪ್ರಾಸ ಇದೆ. ಒಂದು ಹಳೆಯ ಪ್ರಬಂಧಕ್ಕಂತೂ ಆರುನೂರು ಚಿಲ್ಲರೆ ಸೈಟೇಶನ್. ಆರುನೂರು! ನಮ್ಮ ಹೆಡ್ ಕ್ಲಾರ್ಕ್ ನಿವೃತ್ತರಾದಾಗ ಸಭೆಯಲ್ಲಿ ಓದಿದ ಸೈಟೇಶನ್ ಒಂದೇ ಒಂದು. ಅದನ್ನೂ ನಾನೇ ಬರೆದದ್ದು.

ಸಂಜೆ ಅಕ್ಕನ ಮನೆ. ಕಳೆದ ವರ್ಷ ಭಾವನ ಪ್ರಾಸ್ಟೇಟಿನಲ್ಲಿ ಸಣ್ಣ ಗಡ್ಡೆ ಸಿಕ್ಕಾಗ ಈ ಡಾಕ್ಟರ ಹತ್ತಿರ ಕರೆತಂದವನು ನಾನೇ. ಆಪರೇಶನ್ ಈಗ ಬೇಡ, ಕಾದು ನೋಡೋಣ ಎಂದಿದ್ದರು. ಈಗ ಆಸ್ಪತ್ರೆಯಿಂದ ಚೀಟಿ ಬಂದಿದೆ — ಬುಧವಾರ ಮತ್ತೊಮ್ಮೆ ಬಯಾಪ್ಸಿಗೆ ಬನ್ನಿ. ಸೂಜಿ ಚುಚ್ಚಿ ಗಡ್ಡೆಯ ಚೂರು ತೆಗೆಯುವ ಪರೀಕ್ಷೆ; ಭಾವನಿಗೆ ಸೂಜಿ ಎಂದರೆ ಜೀವ ಹೋಗುತ್ತದೆ.

“ಬಯಾಪ್ಸಿ ಯಾಕಪ್ಸಿ, ಪ್ರಾಸರಾಯ?”

ಭಾವ ನನ್ನನ್ನು ಕರೆಯುವುದೇ ಹಾಗೆ. ಆ ಹಳೆಯ ಪ್ರಬಂಧದ ಸಾರಾಂಶ ಓದಿದ್ದೆನಲ್ಲ, ಜಂಬ. “ಸಣ್ಣ ಗಡ್ಡೆಗೆ ರಕ್ತ ಪರೀಕ್ಷೆ ಸಾಕು ಅಂತ ಅವರೇ ಬರೆದಿದ್ದಾರೆ ಭಾವ. ಆರುನೂರು ಜನ ಹೊಗಳಿದ್ದಾರೆ.”

“ಮತ್ತೆ ಈ ಚೀಟಿ?”

“ಎಲ್ಲರಿಗೂ ಕಳಿಸ್ತಾರೆ, ಬಿಡಿ.”

ಭಾವ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುವ ಊಟದ ಮೇಜಿನ ಕಾಲಿನಡಿ ಸಿಕ್ಕಿಸಿದರು. ಮೇಜು ನಿಂತಿತು.

ಮಾರ್ಚ್ 5, ಬುಧವಾರ
ಆಸ್ಪತ್ರೆ ಲೈಬ್ರರಿಯ ಮೇಡಂ ನನ್ನ ಕರಡು ತಿದ್ದುತ್ತಿದ್ದರು. ಪೆನ್ನು ನಿಂತಿತು.

“ಇದೇನ್ರೀ, ಆರುನೂರು ಪ್ರಶಂಸೆ?”

“ಸೈಟೇಶನ್ನು ಮೇಡಂ.”

“ಅಯ್ಯೋ, ಅದು ಸನ್ಮಾನದ ಸೈಟೇಶನ್ ಅಲ್ರೀ! ಬೇರೆಯವರು ತಮ್ಮ ಪ್ರಬಂಧದಲ್ಲಿ ಇವರ ಹೆಸರು ಎತ್ತಿದ್ದಾರೆ, ಅಷ್ಟೇ.”

“ಹೆಸರು ಎತ್ತೋದು ಹೊಗಳೋಕೇ ಅಲ್ವಾ?”

“ನಿಮ್ಮ ಮನೇಲಿ ನಿಮ್ಮ ಹೆಸರು ಎತ್ತೋದು ಹೊಗಳೋಕಾ?”

ಆ ಲೆಕ್ಕದಲ್ಲಿ ನಾನೂ ಪ್ರಖ್ಯಾತ.

ಹಾಗೆ ಹೆಸರು ಎತ್ತಿದ ಕೆಲವು ಪ್ರಬಂಧಗಳನ್ನು ತೆರೆದು ತೋರಿಸಿದರು. ಮೊದಮೊದಲಿನವರು ಒಪ್ಪಿದ್ದಾರೆ. ಆಮೇಲಿನವರು — ನಂಬಬೇಡಿ, ರಕ್ತ ಪರೀಕ್ಷೆಯಲ್ಲಿ ಏನೂ ಕಾಣದಿದ್ದಾಗಲೂ ಗಡ್ಡೆ ಬೆಳೆದದ್ದುಂಟು. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಕಂಪ್ಯೂಟರಿಗೆ ಎರಡೂ ಒಂದೇ ಎಣಿಕೆ.

ಪ್ರಾಸ ಕೂಡಿತು. ಮನಸ್ಸು ಕೂಡಲಿಲ್ಲ. ಬುಧವಾರ... ಭಾವ ಇವತ್ತು ಬರಬೇಕಿತ್ತು.

ಮಾರ್ಚ್ 6, ಗುರುವಾರ
ಎರಡೇ ಪುಟದ ಒಂದು ಬರಹ. ಸೈಟೇಶನ್ ಮೂರು. ಕಳಪೆ ಎಂದು ಬಿಟ್ಟಿದ್ದೆ. ಇವತ್ತು ಡಿಕ್ಷನರಿ ಹಿಡಿದು ಓದಿದೆ. ಬರೆದವರು ದೊಡ್ಡ ಡಾಕ್ಟರೇ — ‘ನನ್ನ ಹಿಂದಿನ ತೀರ್ಮಾನ ತಪ್ಪು. ರಕ್ತ ಪರೀಕ್ಷೆಯೊಂದೇ ಸಾಲದು. ಬಯಾಪ್ಸಿ ಮತ್ತೆ ಆಗಲೇಬೇಕು.’

ತಪ್ಪಿಗೆ ಆರುನೂರು, ತಿದ್ದಿದ್ದಕ್ಕೆ ಮೂರು. ಇದು ಯಾವ ಊರಿನ ಗಣಿತ?

ಕೇಳಿಯೇಬಿಟ್ಟೆ. ಡಾಕ್ಟರು ಕನ್ನಡಕ ಒರೆಸಿಕೊಂಡರು. “ಆ ಮೂರರಲ್ಲಿ ಎರಡು ಸಲ ಹೆಸರು ಎತ್ತಿದವನೂ ನಾನೇ ಕಣಯ್ಯ. ಪಟ್ಟಿಯಲ್ಲಿ ಅದನ್ನೇ ಮೊದಲು ಹಾಕು.”

“ಪ್ರಶಸ್ತಿ ತಪ್ಪಿಹೋದ್ರೆ ಸರ್?”

“ಅದಿರಲಿ, ನಿನ್ನ ಭಾವ ನಿನ್ನೆ ಯಾಕೆ ಬರಲಿಲ್ಲ? ಚೀಟಿ ಬರೆದಿದ್ದು ನಾನೇ.”

ಏನು ಹೇಳಿದೆನೋ ನೆನಪಿಲ್ಲ.

ಅದೇ ದಿನ, ಸಂಜೆ, ಅಕ್ಕನ ಮನೆ
“ಅಂದ್ರೆ ಆರುನೂರು ಜನ ಬೈದಿದ್ದಾರೆ?” ಭಾವ.

“ಕೆಲವರು. ಕೆಲವರು ಹೊಗಳಿದ್ದಾರೆ.”

“ಡಾಕ್ಟ್ರು ತಪ್ಪು ಮಾಡಿದವರು?”

“ಹೌದು. ಅಲ್ಲ... ತಿದ್ದಿಕೊಂಡವರು.”

“ಯಾರನ್ನ ನಂಬಲಿ ಈಗ?”

“ಅವರನ್ನೇ. ಅಂದ್ರೆ, ಈಗಿನ ಅವರನ್ನ.”

ಅಕ್ಕ ಒಳಗಿನಿಂದ ಬಂದಳು. “ಲೋ, ನಿಂಗೇ ಅರ್ಥ ಆಗದ್ದನ್ನ ಅವರಿಗೆ ಅರ್ಥ ಮಾಡಿಸಿದ್ಯಾ?” ನನ್ನ ಹೆಸರೂ ಎತ್ತಿದಳು. ಹೊಗಳಿಕೆಯಲ್ಲ. ಬಗ್ಗಿ ಮೇಜಿನಡಿಯಿಂದ ಚೀಟಿ ಎಳೆದಳು. ಮೇಜು ವಾಲಿ ನೀರಿನ ಲೋಟ ನನ್ನ ಮಡಿಲಿಗೆ ಉರುಳಿತು.

ಮಾರ್ಚ್ 18, ಮಂಗಳವಾರ
ಭಾವನನ್ನು ಕರೆದೊಯ್ದು ಬಯಾಪ್ಸಿ ಮಾಡಿಸಿ ವಾರ. ರಿಪೋರ್ಟ್ ಬಂದಿಲ್ಲ. ಭಾವ ಮಾತಾಡುತ್ತಾರೆ, ಪ್ರಾಸರಾಯ ಎನ್ನುವುದಿಲ್ಲ. ಪ್ರಶಸ್ತಿಯವರಿಂದ ಬಯೋಡೇಟಾ ವಾಪಸ್ ಬಂದಿದೆ — ಮೂರು ಸೈಟೇಶನ್ನಿನದು ಮೊದಲು ಯಾಕೆ, ಟೈಪಿಂಗ್ ತಪ್ಪೇ? ‘ತಪ್ಪಲ್ಲ, ತಿದ್ದುಪಡಿ’ ಎಂದು ಬರೆದು ಕಳಿಸಿದೆ.

ಮಾರ್ಚ್ 20, ಗುರುವಾರ, ಮಧ್ಯಾಹ್ನ
ರಿಪೋರ್ಟ್ ಬಂತು. ಡಾಕ್ಟರು ಭಾವನನ್ನೂ ನನ್ನನ್ನೂ ಕೂರಿಸಿ ಹೇಳಿದರು. ಗಡ್ಡೆ ಬೆಳೆದಿದೆ. ಹೊರಗೆ ಹರಡಿಲ್ಲ. ಆಪರೇಶನ್ ಆಗಬೇಕು. “ರಕ್ತದಲ್ಲಿ ಏನೂ ಗೊತ್ತಾಗ್ತಿರಲಿಲ್ಲ. ಸರಿಯಾದ ಹೊತ್ತಿಗೆ ಬಂದ್ರಿ.”

ಭಾವ ನನ್ನ ಕಡೆ ತಿರುಗಿದರು. “ಬರದ ಹಾಗೆ ಮಾಡಿದವನೂ ಇವನೇ ಡಾಕ್ಟ್ರೇ, ಎಳ್ಕೊಂಡು ಬಂದವನೂ ಇವನೇ. ಇವನ ಹೆಸರನ್ನ ಯಾವ ಲೆಕ್ಕಕ್ಕೆ ಹಾಕ್ಲಿ?”

ಡಾಕ್ಟರು ನಕ್ಕರು. ನಾನೂ ನಗಬೇಕಿತ್ತೇನೋ.

ಕಾರಿಡಾರಿನಲ್ಲಿ ಭಾವ ನನ್ನ ಹೆಗಲ ಮೇಲೆ ಕೈಯಿಟ್ಟರು. ಸಲುಗೆಗೋ, ಆಸರೆಗೋ, ತಿಳಿಯಲಿಲ್ಲ. ಕೈ ಭಾರವಿತ್ತು. “ಆಪರೇಶನ್‌ಗೆ ಏನಪ್ಪಾ ಪ್ರಾಸ, ಪ್ರಾಸರಾಯ?”

ಥಟ್ಟನೆ ಹೊಳೆದದ್ದು ಸೈಟೇಶನ್. ಹೇಳಲಿಲ್ಲ. ಬೇರೆ ಹುಡುಕುತ್ತ ಕೂತಿದ್ದೇನೆ. ಟೆನ್ಶನ್... ಬೇಡ. ಆಪರೇಶನ್, ಆಪರೇ—