ನಳಿಗೆಗೆ ಹೊಯ್ದ ಬಿಸಿನೀರು

ಅಗಳಿ,
14-3-2004, ಭಾನುವಾರ

ನನ್ನ ಸೊಸೆ ವನಿತಾಳಿಗೆ ನಿನ್ನ ಅತ್ತೆ ತಿಪ್ಪಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಹೆಸರಿನ ಹಿಂದೆ 'ಚಿ. ಸೌ.' ಎಂದು ಬರೆಯಲು ಕೈ ತಾನಾಗಿ ಹೋಯಿತು. 'ಚಿ.' ಬರೆದು ನಿಂತಿತು. ಆ ಹಾಳೆ ಹರಿದು ಬೇರೆ ತೆಗೆದುಕೊಂಡಿದ್ದೇನೆ. ಇಲ್ಲಿ ನಾನು, ನಿನ್ನ ಮಾವ, ನಿನ್ನ ಮಗಳು ಗಂಗೋತ್ರಿ ಇದ್ದೇವೆ. ಕ್ಷೇಮ ಎಂದು ಬರೆಯುವುದು ವಾಡಿಕೆ, ನಾನು ಇದ್ದೇವೆ ಎಂದಷ್ಟೇ ಬರೆಯುತ್ತೇನೆ.

ಎಲೆಕ್ಷನ್ ಬಂತಲ್ಲ, ಲೈಸೆನ್ಸ್ ಇರುವವರೆಲ್ಲ ಬಂದೂಕು ತಂದು ಠಾಣೆಗೆ ಒಪ್ಪಿಸಬೇಕೆಂದು ಮೊನ್ನೆ ಪೊಲೀಸಿನವನೊಬ್ಬ ಬಂದಿದ್ದ. ಊರಿಗೆ ಹೊಸಬ. ಸಣ್ಣತಿಮ್ಮಪ್ಪನವರ ಗನ್ ಎಲ್ಲಿ ಎಂದು ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ಕೇಳಿದ. ನಿನ್ನ ಮಾವ ಉಣ್ಣುತ್ತಿದ್ದವರು ತಲೆ ಎತ್ತದೆ, "ನಿಮ್ ಠಾಣೇಲೇ ಐತೆ ನೋಡು ಸ್ವಾಮಿ, ಗೋಣಿಚೀಲದಾಗೆ. ಎಲ್ಡು ತುಂಡಾಗೈತೆ" ಅಂದರು. ಅವನಿಗೆ ತಲೆಬುಡ ತಿಳಿಯಲಿಲ್ಲ. ಪಕ್ಕದ ಮನೆ ಯರ್ರಪ್ಪ ಅವನನ್ನು ಬೀದಿಗೆ ಕರೆದುಕೊಂಡು ಹೋಗಿ ನಮ್ಮ ನರೇಶ ಅದರಿಂದಲೇ ಹೋದ ಸುದ್ದಿ ಹೇಳಿದ. ಪಾಪ, ತಿರುಗಿ ಬಂದು ಟೋಪಿ ತೆಗೆದು ನಿಂತ. ನಿನ್ನ ಮಾವ ಅರ್ಧ ಮುದ್ದೆ ಬಿಟ್ಟು ಕೈ ತೊಳೆದರು.

ಅದೇ ಸಂಜೆ ಹಂಪಕ್ಕ ಬಂದಳು. ಗಾರ್ಮೆಂಟ್ಸಿನಲ್ಲಿ ನಿನ್ನ ಪಕ್ಕದ ಮಿಷನ್ನಿನಲ್ಲಿ ಕೂರುವವಳು ನನ್ನ ಪಕ್ಕ ಕೂತು ಅತ್ತಳು. "ಗಂಗೋತ್ರಿ ಕೇಳುತ್ತಾಳೆ, ಯುಗಾದಿಗಾದರೂ ಊರಿಗೆ ಬಾ" ಎಂದು ಹಂಪಕ್ಕ ಕರೆದರೆ ನೀನು, "ಮಗೀನ ಅಪ್ಪನ್ನ ಕೊಂದೋಳು ನಾನು. ಯಾವ ಮುಖ ಇಟ್ಕಂಡು ಅದರ ಮುಂದೆ ನಿಲ್ಲಲಿ" ಅಂದೆಯಂತೆ. ನರೇಶನ ತಿಥಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿದವಳು ಹೋದ ಯುಗಾದಿಗೂ ಬರಲಿಲ್ಲ, ವರ್ಷದ ಕಾರ್ಯಕ್ಕೂ ಬರಲಿಲ್ಲ. ರಜೆ ಕೊಡುವುದಿಲ್ಲವೇನೋ ಎಂದುಕೊಂಡಿದ್ದೆ. ಇಂಥ ಕೆಂಡವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದೀಯೆಂದು ನನಗೆ ಹೊಳೆಯಲೇ ಇಲ್ಲ.

ನೀನು ಹಂಪಕ್ಕನ ಹತ್ತಿರ ಹೇಳಿಕೊಂಡದ್ದು ಹೀಗಂತೆ. ಹೊಲದಲ್ಲಿ ಹಂದಿ ಓಡಿಸಿ ಬಂದ ನರೇಶ ಬಂದೂಕು ಒರೆಸಲು ಸೀಮೆಎಣ್ಣೆ ಡಬ್ಬಿ ತೆಗೆದ. ಮನೆಯೊಳಗೆ ರೇಷ್ಮೆಹುಳ ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದು ಸೊಪ್ಪು ತಿನ್ನುತ್ತಿದ್ದವು. ನೀನು, "ಮುಚ್ಚಳ ಬಿಚ್ಚಿದ್ರೆ ನೋಡು, ಆ ವಾಸನೆಗೆ ಒಂದು ಹುಳಾನೂ ಉಳಿಯಲ್ಲ. ನಿನ್ ಬಂದೂಕು ಗೂಡು ಕಟ್ಟುತ್ತಾ?" ಅಂದೆ. ಅವನು ನಗುತ್ತಾ ಅದನ್ನು ಹಾಗೆಯೇ ಗೂಟಕ್ಕೆ ತೂಗುಹಾಕಿದ. ವಾರ ಕಳೆದು ಕಡಲೆಕಾಯಿ ಹೊಲಕ್ಕೆ ಮತ್ತೆ ಹಂದಿ ಬಿತ್ತು. ನರೇಶ ಹಾರಿಸಿದ ಬಂದೂಕು ಅವನ ಮುಖಕ್ಕೇ ಸಿಡಿಯಿತು. ಕಿಲುಬು ಹಿಡಿದ ನಳಿಗೆಯಲ್ಲಿ, ಗಜದ ಕಡ್ಡಿಯಿಂದ ಜಡಿದ ಬಟ್ಟೆಯುಂಡೆ ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಮದ್ದಿನ ಮೇಲೆ ಕೂರಲಿಲ್ಲ, ಅದಕ್ಕೇ ನಳಿಗೆ ಸೀಳಿತು ಎಂದು ಊರೆಲ್ಲ ಆಡಿಕೊಂಡಿತು. ಆ ಮಾತನ್ನು ನೀನು ಹೊತ್ತುಕೊಂಡು ಹೋದೆ.

ಮೊದಲನೆಯದಾಗಿ, ರೇಷ್ಮೆ ಸಾಕುವ ಮನೆಯಲ್ಲಿ ಯಾವ ಹೆಂಗಸಾದರೂ ಅದೇ ಮಾತು ಆಡುತ್ತಾಳೆ. ಹುಳ ಇದ್ದಾಗ ನಾನು ಒಗ್ಗರಣೆಯನ್ನೇ ಹೊರಗೆ ಹಾಕುತ್ತಿದ್ದೆ. ಬೀಡಿ ಸೇದಿ ಬಂದ ನಿನ್ನ ಮಾವನನ್ನು ಜಗಲಿಯ ಮೇಲೆ ಮಲಗಿಸಿದ್ದೇನೆ.

ಎರಡನೆಯದಾಗಿ, ಬಂದೂಕಿಗೆ ಸೀಮೆಎಣ್ಣೆ ಬೇಕೇ ಬೇಕು ಎಂದು ಯಾರು ಹೇಳಿದರು? ನಿನ್ನ ಮಾವನ ರೀತಿ ನಿನಗೆ ಗೊತ್ತಲ್ಲ. ಹಾರಿಸಿದ ದಿನವೇ ಕುದಿಯುವ ನೀರು. ಮದ್ದಿನ ಮಸಿ ಉಪ್ಪಿನ ಹಾಗೆ, ಗಾಳಿಯ ತೇವ ಕುಡಿದು ಕಬ್ಬಿಣ ತಿನ್ನುತ್ತದೆ, ಅದನ್ನು ನೀರೇ ಕರಗಿಸಬೇಕು ಎನ್ನುವರು. ಕರಿನೀರು ಹೋಗಿ ತಿಳಿನೀರು ಬರುವವರೆಗೆ ಹೊಯ್ದು, ಗಜದ ತುದಿಗೆ ನನ್ನ ಹಳೆ ಸೀರೆಯ ಚೂರು ಸುತ್ತಿ ಎಳೆದು, ಬಿಸಿಲಿಗೆ ಒರಗಿಸಿ, ಕಡೆಗೆ ಹೊಲಿಗೆ ಮಿಷನ್ನಿನ ಎಣ್ಣೆ ಸವರುವರು. ಆಗ ಯಾರೂ ಮಾತಾಡಿಸುವ ಹಾಗಿಲ್ಲ. ಒಂದು ಸಲ ನಾನು, "ಈ ಉಪಚಾರದಾಗೆ ಕಾಲು ಭಾಗ ನಂಗೆ ಮಾಡಿದ್ರೆ ರಾಣಿ ಆಗಿರ್ತಿದ್ದೆ" ಅಂದೆ. "ಇದು ಸಿಡಿಯೋಕೆ ಲೈಸೆನ್ಸ್ ಐತೆ ಕಣೇ, ನಿಂಗೆ ಅದೂ ಇಲ್ಲ" ಅಂದರು. ನರೇಶ ಬಿದ್ದು ಬಿದ್ದು ನಕ್ಕಿದ್ದ.

ಈಗ ಇದುವರೆಗೆ ನಿನಗೆ ಹೇಳದ ಮಾತು ಹೇಳುತ್ತೇನೆ. ನೀನು ಗದರಿದ ಮಾರನೆಯ ದಿನ, ನೀನು ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಾಗ, ನರೇಶ ಬಂದೂಕು ತೆಗೆದುಕೊಂಡು ಹಿತ್ತಲಿಗೆ ಬಂದ. ಒಗೆಯುವ ಕಲ್ಲಿಗೆ ಅದನ್ನು ಒರಗಿಸಿ, "ಅಮ್ಮಾ, ಹಂಡೇಲಿ ನೀರು ಕಾದವಾ?" ಎಂದು ಕೇಳಿದ. ಅವನು ನಳಿಗೆ ಹಿಡಿದುಕೊಂಡ, ನಾನು ಚೊಂಬಿನಿಂದ ಹೊಯ್ದೆ. ಕಬ್ಬಿಣ ಕಾದು, "ನಿಧಾನ ಕಣಮ್ಮ, ಕೈ ಸುಡ್ತೈತೆ" ಅಂದ. ನಾನು ಸೆರಗು ಮಡಿಸಿ ಅವನ ಕೈಗೆ ಕೊಟ್ಟೆ. ಕರಿನೀರು ಹೋಯಿತು, ಕಂದುನೀರು ಹೋಯಿತು, ಆಮೇಲೆ ಕುಡಿಯಬಹುದೇನೋ ಎನ್ನುವಂಥ ನೀರು ಬಂತು. ಬಟ್ಟೆ ಎಳೆದರೆ ಬಿಳಿಯದಾಗಿಯೇ ಈಚೆ ಬಂತು. ನೀನು ಹೊರೆ ಇಳಿಸುವ ಹೊತ್ತಿಗೆ ಬಂದೂಕು ಗೂಟದಲ್ಲಿತ್ತು. ಅವಳಿಗೆ ಹೇಳಬೇಡ, ಹೇಳಿದರೆ ಗೆದ್ದೆ ಎಂದು ಬೀಗುತ್ತಾಳೆ ಎಂದು ಅವನೇ ನನ್ನ ಬಾಯಿ ಕಟ್ಟಿದ.

ಹಾಗಾಗಿ ಅದು ತೊಳೆದ ಬಂದೂಕು, ವನಿತಾ. ನಳಿಗೆಯೇ ಹಳೆಯದು, ನಿನ್ನ ಮಾವನ ತಾತನ ಕಾಲದ್ದು. ಕಬ್ಬಿಣಕ್ಕೂ ಆಯಸ್ಸು ಅಂತ ಒಂದಿರುತ್ತದೆ. ಅದು ಮುಗಿಯಿತು, ನನ್ನ ಮಗನದನ್ನೂ ಮುಗಿಸಿತು. ಇದರಲ್ಲಿ ನಿನ್ನ ಬಾಯಿಗೆ ಏನು ಸಂಬಂಧ?

ಗಂಗೋತ್ರಿಗೆ ಈ ಜೂನಿಗೆ ಶಾಲೆ. ಎಣ್ಣೆ ಹಚ್ಚಿ ಜಡೆ ಹೆಣೆಯುವಾಗ, ಅಮ್ಮನ ಕೈ ಮೆತ್ತಗಿತ್ತಾ ಎಂದು ಕೇಳುತ್ತಾಳೆ. ನಿನ್ನ ಮುಖ ಅವಳಿಗೆ ಮರೆಯುತ್ತಿದೆ. ಮೊನ್ನೆ ಹಂಪಕ್ಕನನ್ನು ನೋಡಿ, "ನೀನೇನಾ?" ಎಂದು ಕೇಳಿಬಿಟ್ಟಳು. ಅದಕ್ಕೇ ಹಂಪಕ್ಕ ಅತ್ತದ್ದು. ನೀನು ಬಂದು ಇಲ್ಲೇ ಇರು, ಇಲ್ಲವೇ ಮಗಳನ್ನು ಕರೆದುಕೊಂಡು ಹೋಗು. ಮನೆ ಬಿಕೋ ಎಂದರೂ ನಾನು ತಡೆದುಕೊಳ್ಳುತ್ತೇನೆ. ಅವಳಿಗೆ ಅಪ್ಪ ಇಲ್ಲ, ನೀನೂ ಇಲ್ಲದಂತೆ ಮಾಡಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ದಾರಿ ನೋಡುವ ಅತ್ತೆ,
ತಿಪ್ಪಮ್ಮ

ವನಿತಾ, ಇಲ್ಲಿಂದ ಕೆಳಗೆ ಬರೆಯುತ್ತಿರುವುದು ನಾನು, ನಿನ್ನ ಮಾವ. ನಿಮ್ಮತ್ತೆ ಈ ಕಾಗದವನ್ನು ನನಗೆ ಓದಿ ಹೇಳಿ, "ಸರಿಯಾಗೈತಾ?" ಎಂದು ಕೇಳಿದಳು. "ಸರಿಯಾಗೈತೆ" ಅಂದೆ. ಅಂಟಿಸಿ ಡಬ್ಬಿಗೆ ಹಾಕಲು ಕೊಟ್ಟಿದ್ದಾಳೆ, ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತು ಇಷ್ಟು ಸೇರಿಸುತ್ತಿದ್ದೇನೆ. ನರೇಶ ಹೋದ ಆ ವಾರ ಅವಳು ಊರಲ್ಲೇ ಇರಲಿಲ್ಲ, ಅಕ್ಕನ ಮಗಳ ಬಾಣಂತನಕ್ಕೆಂದು ಭೈರವಾನಿತಿಪ್ಪದಲ್ಲಿದ್ದಳು. ಬಸ್ಸಿಗೆ ಬಿಟ್ಟು ಬಂದವಳು ನೀನೇ. ಅವಳು ಬರುವ ಹೊತ್ತಿಗೆ ಮಗನ ಮುಖಕ್ಕೆ ಬಟ್ಟೆ ಮುಚ್ಚಿದ್ದೆವು, ತೆಗೆದು ನೋಡಲು ಯಾರೂ ಬಿಡಲಿಲ್ಲ. ಆ ಹಿತ್ತಲು, ಆ ಚೊಂಬು ಎಲ್ಲ ಆಮೇಲೆ ಹುಟ್ಟಿದ್ದು. ಮೊದಮೊದಲು ಯರ್ರಪ್ಪನ ಹೆಂಡತಿಗೆ ಹೇಳುತ್ತಿದ್ದಳು, ಈಗ ಅದೇ ನಡೆದದ್ದು ಎಂದು ನಂಬಿದ್ದಾಳೆ. ಬಂದೂಕನ್ನು ಯಾರೂ ತೊಳೆಯಲಿಲ್ಲ, ತಾಯಿ. ದಿನಾ ಅದರ ಕೆಳಗೇ ಹಾದು ನಾನೂ ಒಳಗೆ ಹೊರಗೆ ತಿರುಗಿದವನೇ, ಇಳಿಸಿ ನೋಡಲಿಲ್ಲ. ಈ ಹೊರೆಗೆ ಹೆಗಲು ನಿನ್ನದೊಂದೇ ಅಲ್ಲ. ಯುಗಾದಿಗೆ ಬಾ. ಬಂದಾಗ ನಿಮ್ಮತ್ತೆ ಆ ನೀರಿನ ಸಂಗತಿ ಎತ್ತಿದರೆ, ಯಾವತ್ತು ಎಂದು ಮಾತ್ರ ಕೇಳಬೇಡ.