ಪಾದ್ರಿಗಳ ನಿಲುವಂಗಿ

ಅಪ್ಪಾ,

ನೀನಿಲ್ಲ, ಈ ಕಾಗದ ಓದುವವರೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ.

ಬೆಳಿಗ್ಗೆ ಶಾಲೆ ಮೇಷ್ಟ್ರು ಅಂಗಡಿಗೆ ಬಂದು, ನಾನು ಹೊಲಿದ ಹೊಸ ಅಂಗಿ ತೊಟ್ಟು ನೋಡಿದರು. ತೋಳು ಎರಡಿಂಚು ಗಿಡ್ಡ. ಅಳತೆ ತಪ್ಪಿ ಕತ್ತರಿಸಿದವಳು ನಾನೇ. ಆದರೆ, "ನೆನೆಸಿದಾಗ ಬಟ್ಟೆನೇ ಕುಗ್ಗಿಬಿಡ್ತು," ಎಂದೆ.

"ಇರ್ಲಿ, ಗುಂಡಿ ಹಚ್ಚಿಡು, ಸಂಜೆ ಬರ್ತೀನಿ," ಎಂದು ಹೋದರು.

ಗುಂಡಿ ಹಚ್ಚಲು ಕೂತೆ. ನೀನು ಕಲಿಸಿದ ಹಾಗೆ ಒಂದೊಂದು ಗುಂಡಿಗೂ ತೊಡುವವರಿಗಾಗಿ ಒಂದು ಪ್ರಾರ್ಥನೆ ಹೇಳಬೇಕಲ್ಲ, ಮೊದಲನೆಯದಕ್ಕೇ ನಾಲಿಗೆ ಏಳಲಿಲ್ಲ. ಸೂಜಿ ಬೆರಳಿಗೇ ಚುಚ್ಚುತ್ತಿತ್ತು. ಅಂಗಡಿ ಬಾಗಿಲು ಎಳೆದು ಅವರ ಮನೆಗೆ ಓಡಿದೆ.

"ಸುಳ್ಳು ಹೇಳ್ದೆ ಮೇಷ್ಟ್ರೇ. ತಪ್ಪು ಕತ್ತರೀದು."

"ಕತ್ತರೀದಾ, ನಿಂದಾ?"

"ನಂದೇ."

ಅವರು ನಕ್ಕರು. "ಸೆಕೆಗೆ ಗಿಡ್ಡ ತೋಳೇ ವಾಸಿ ಬಿಡು. ನಿಮ್ಮಪ್ಪನ ಮಗಳು ಕಣಮ್ಮ ನೀನು!"

ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಪ್ರಾರ್ಥನೆಗೆ ಮೊಣಕಾಲೂರಿದರೆ ಪಾದ್ರಿಗಳ ನಿಲುವಂಗಿಯೇ ಕಣ್ಣಿಗೆ ಬರುತ್ತದೆ, ನಾನು ಮೊದಲ ಸಲ ಒಬ್ಬಳೇ ಕತ್ತರಿಸಿದ್ದು. ಅದು ಗಿಡ್ಡವಾದಾಗ ನೀನು ಚರ್ಚಿನ ಸಭೆಯ ಎದುರೇ, "ಕತ್ತರಿಸಿದ್ದು ನಾನೇ, ನನ್ನ ಕಣ್ಣು ಮಂಜಾಗಿದೆ," ಎಂದೆ. ಅಂದಿನಿಂದ ಜನ ನಿನಗೆ ಬಟ್ಟೆ ಕೊಡುವುದನ್ನೇ ಬಿಟ್ಟರು. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ.

ಅಪ್ಪಾ, ನಿನ್ನ ಕಣ್ಣು ಚೆನ್ನಾಗಿಯೇ ಇತ್ತು.