ಮುದಗಲ್ ಕೋಟೆ, ಎರಡನೇ ಸಲ

ಮೇಘಾನ ಅಪ್ಪನಿಗೆ ನಮಸ್ಕಾರ.

ಎದುರು ನಿಂತು ಹೇಳಲಾಗದೆ ಬುತ್ತಿಯ ಜೊತೆ ಈ ಚೀಟಿ ಇಟ್ಟಿದ್ದೇನೆ. ಹೋದ ಭಾನುವಾರ ನೀವು ಗಣಿಗೆ ಇಳಿಯುವ ಮೊದಲು ಫೋನ್ ಮಾಡಿದಾಗ "ಮನ್ಯಾಗ ಅದೀವ್ರಿ" ಎಂದೆ. ಆಗ ನಾವು ಅಣ್ಣನ ಕಾರಿನಲ್ಲಿ ಲಿಂಗಸುಗೂರಿಗೆ ಬಂದು ಒಗ್ಗರಣೆ ಮಿರ್ಚಿ ತಿನ್ನುತ್ತಿದ್ದೆವು. ಅಲ್ಲಿಂದ ಮುದಗಲ್ ಕೋಟೆಗೂ ಹೋದೆವು. ಪಾಳಿಯಿಂದಾಗಿ ನೀವು ಮೂರು ಸಲ ಮುಂದೂಡಿದ್ದ ಪ್ರವಾಸವದು.

ನಾಳೆ ನಿಮ್ಮ ಜೊತೆ ಹೋದಾಗ ಮೊದಲ ಸಲ ನೋಡಿದ ಹಾಗೆ ಇರು ಎಂದು ಮೇಘಾಗೆ ಹೇಳಿಕೊಟ್ಟೆ. "ಅಪ್ಪಗ ನಾನೂ ಸುಳ್ಳು ಹೇಳ್ಬೇಕೇನವ್ವಾ?" ಎಂದಳು.

ಅವಳನ್ನು ಏನೂ ಕೇಳಬೇಡಿ, ನನ್ನನ್ನೇ ಬೈಯಿರಿ. ನೀವು ಚಿಕ್ಕಂದಿನಲ್ಲಿ ಆಡುತ್ತಿದ್ದ ಬುರುಜನ್ನು ಹತ್ತಲು ಮಾತ್ರ ಅವಳು ಒಪ್ಪಲೇ ಇಲ್ಲ. "ಅದನ್ನ ಅಪ್ಪಾನೇ ತೋರಸ್ಬೇಕು" ಎಂದು ಕೆಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಾಳೆ ಮೊದಲು ಅಲ್ಲಿಗೇ ಹೋಗೋಣ.

ನಿಮ್ಮ
ಪದ್ಮಾವತಿ